ಎರಡನೇ ಕೂಗು

ಆಟೋ ನೇರವಾಗಿ ಠಾಣೆಯ ಬೋರ್ಡಿನ ಕೆಳಗೇ ನಿಂತದ್ದು ಅನಂತರಾಜುವಿಗೆ ಹಿಡಿಸಲಿಲ್ಲ. ಆಚೆ ಜೆರಾಕ್ಸ್ ಅಂಗಡಿಯ ಹತ್ತಿರ ನಿಲ್ಲಿಸಪ್ಪ ಎಂಬ ಮಾತನ್ನು ಮನೆಯಿಂದಲೂ ನಾಲಗೆಯ ತುದಿಯಲ್ಲಿ ಇಟ್ಟುಕೊಂಡು ಬಂದಿದ್ದ. ರಸ್ತೆಯ ಹಳ್ಳಗಳ ಕುಲುಕಾಟದಲ್ಲಿ ಅದು ಎಲ್ಲೋ ಬಿದ್ದುಹೋಗಿತ್ತು. ಸರಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ಹೊರಗೆ ಹಾಕಿದಳು. ಮದುವೆಮನೆಗಳಿಗೆ ಉಡುವ ನೇರಳೆ ಸೀರೆ ಉಟ್ಟಿದ್ದಳು. ಬೇಡ ಕಣೆ, ಶೆಕೆಯಾಗುತ್ತೆ ಎಂದರೂ ಕೇಳಿರಲಿಲ್ಲ.

"ಇದೇನ್ರೀ, ಪೊಲೀಸ್ ಸ್ಟೇಷನ್ನು?"

"ದೊಡ್ಡ ಮೆಷಿನ್ ಅಲ್ವೇನೆ. ಕಳ್ಳ ಮಾಲಲ್ಲ ಅಂತ ಇವ್ರು ಸೀಲ್ ಹಾಕಿ ಕೊಡ್ಬೇಕು. ಈಗೆಲ್ಲ ಹಂಗೇ ರೂಲ್ಸು."

'ರೂಲ್ಸು' ಎಂಬುದನ್ನು ತಾಲ್ಲೂಕು ಆಫೀಸಿನ ಗುಮಾಸ್ತನ ಮೂಗಿನ ದನಿಯಲ್ಲಿ ಹೇಳಿದ. ಹಾಗೆ ಹೇಳಿದರೆ ಅವಳು ನಗುತ್ತಾಳೆಂದು ಮೂವತ್ತು ವರ್ಷದಿಂದ ಗೊತ್ತು. ನಕ್ಕಳು. ನಗು ಅರ್ಧ ದಾರಿಗೆ ಕೆಮ್ಮಾಯಿತು. ಆಟೋದವನು ಚಿಲ್ಲರೆ ಹಿಡಿದುಕೊಂಡು, ಈ ಮನುಷ್ಯ ಕೆಮ್ಮುವ ಹೆಂಗಸನ್ನು ನಗಿಸುತ್ತಾನಲ್ಲ ಎಂಬಂತೆ ನೋಡಿದ. ಅಥವಾ ಅವನು ಸುಮ್ಮನೆ ನೋಡಿದ್ದ. ಈ ಒಂದು ವಾರದಿಂದ ಅನಂತರಾಜುವಿಗೆ ಬೀದಿಯ ಪ್ರತಿ ಕಣ್ಣೂ ತನ್ನ ಮೇಲೆ ಬೆಲೆ ಕೂಗುತ್ತಿರುವಂತೆ, ಆ ಬೆಲೆ ಒಂದೊಂದು ಕೂಗಿಗೂ ಏರುವ ಬದಲು ಇಳಿಯುತ್ತಿರುವಂತೆ ಕಾಣುತ್ತಿತ್ತು.

ಅವನ ಕಸುಬೇ ಹರಾಜು ಕೂಗುವುದು. ಹರಾಜು ಅನಂತರಾಜು ಎಂದರೆ ಪ್ರಾಸಕ್ಕೆ ಹುಟ್ಟಿದ ಹೆಸರಿನ ಹಾಗೆ ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆಯೆಲ್ಲ ಗೊತ್ತು. ದೇವಸ್ಥಾನದ ಹುಣಸೆಮರಗಳ ಫಸಲು, ಕೆರೆಯ ಮೀನು, ಪಂಚಾಯ್ತಿ ಮಳಿಗೆ, ಯಾವುದೇ ಇರಲಿ, ಕಮಿಟಿಯವರು ಅವನನ್ನು ಕರೆಸುತ್ತಿದ್ದರು. ಕೂಗುವವರ ದನಿಯನ್ನೇ ಅವರಿಗೆ ವಾಪಸು ಕೊಟ್ಟು ಜನರನ್ನು ನಗಿಸುತ್ತಿದ್ದ. ನಗುವ ಜನ ನೂರು ರೂಪಾಯಿ ಹೆಚ್ಚು ಕೂಗುತ್ತಾರೆಂಬುದು ಅವನು ಕಂಡುಕೊಂಡ ಸತ್ಯ. ಅವನದೇ ಒಂದು ಕಟ್ಟಳೆಯೂ ಇತ್ತು. ಮೂರು ಸಲ ಕೂಗಿ ಮರ ಹಿಡಿದವನು ಒಪ್ಪಂದದ ವೀಳ್ಯ ಮುಟ್ಟುವುದರೊಳಗೆ ಮುಂಗಡ ಇಡದೆ ಕೈ ಎತ್ತಿದರೆ, ಮತ್ತೆ ಹರಾಜಿಲ್ಲ. ಮರ ಎರಡನೇ ಕೂಗಿನವನದು, ಅವನು ಕೂಗಿದ್ದ ಬೆಲೆಗೇ. ಎರಡನೇ ಕೂಗಿಗೂ ಮಾನ ಉಂಟು ಸ್ವಾಮಿ, ಎಂದು ಅವನು ಕಟ್ಟೆಯ ಮೇಲೆ ನಿಂತು ಹೇಳಿದರೆ ಸೋತವನ ಮುಖ ಅರಳುತ್ತಿತ್ತು. ಆ ಮುಖ ಅರಳುವುದನ್ನು ಎಷ್ಟೋ ಸಲ ನೋಡಿದ್ದವನಿಗೆ, ಹೋದ ಬುಧವಾರ ತನ್ನ ಮುಖ ಅರಳಿದ್ದು ಗೊತ್ತಾಗಲಿಲ್ಲ.

ಮೆಟ್ಟಿಲು ಇಪ್ಪತ್ತೆರಡು. ಸೈಬರ್ ಠಾಣೆ ಮೇಲಿತ್ತು. ಸರಸಮ್ಮ ನಾಲ್ಕು ಹತ್ತಿ ನಿಂತಳು. ಅವಳ ಉಸಿರು ಮೊದಲು ಎದೆಯಲ್ಲಿ, ಆಮೇಲೆ ಭುಜದಲ್ಲಿ, ಆಮೇಲೆ ಕುತ್ತಿಗೆಯ ಗುಳಿಯಲ್ಲಿ ಓಡಾಡಿತು. ಇಪ್ಪತ್ತಾರು ವರ್ಷ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಲ್ಲಿ, ಕುದಿನೀರಿನ ತೊಟ್ಟಿಯ ಮುಂದೆ, ಬೆಂದ ಹುಳುವಿನ ಹಬೆ ಕುಡಿದು ಕುಡಿದು ಶ್ವಾಸಕೋಶ ಹಾಳಾಗಿದೆ ಎಂದು ಡಾಕ್ಟರು ಹೇಳಿದ್ದರು. ದಿನಕ್ಕೆ ಹದಿನೈದು ಗಂಟೆ ಆಕ್ಸಿಜನ್ ಬೇಕು. ಕರೆಂಟಿಗೆ ಹಾಕಿದರೆ ಕೋಣೆಯ ಗಾಳಿಯನ್ನೇ ಸೋಸಿ ಕೊಡುವ ಮೆಷಿನ್ ಬರುತ್ತದೆ, ಕೊಂಡುಕೊಳ್ಳಿ, ಇಲ್ಲವಾದರೆ ಆಸ್ಪತ್ರೆಯಲ್ಲಿ ಎರವಲು ಕೊಡುವ ಮೆಷಿನ್ನಿಗೆ ಹೆಸರು ಬರೆಸಿ ಎಂದಿದ್ದರು. ಅವರು ಎರಡೂ ಮಾಡಿದ್ದರು. ಎರಡೂ ಮಾಡಿದ್ದೇ ಈಗ ಕುತ್ತಿಗೆಗೆ ಬಂದಿತ್ತು.

"ಮ್ಯಾಲೆ ಇಟ್ಟವ್ರಾ?" ಎಂದಳು ಎಂಟನೆಯ ಮೆಟ್ಟಿಲಿನಲ್ಲಿ. "ಇಳ್ಸೋದು ಹೆಂಗೆ ಮತ್ತೆ? ಭಾರ ಇರ್ತದಲ್ಲ."

"ಗಾಲಿ ಅವೆ ಅದ್ಕೆ."

"ಮೆಟ್ಲಲ್ಲಿ ಗಾಲಿ ಏನ್ಮಾಡ್ತವೆ?" ಉಸಿರು. "ಆ ಆಟೋದವ್ನನ್ನ ಕಳಿಸ್ಬಾರ್ದಿತ್ತು. ಒಂದ್ ಕೈ ಹಾಕ್ತಿದ್ದ."

ಅವನು ಅವಳ ಮೊಣಕೈ ಹಿಡಿದುಕೊಂಡ. ಹೇಳುವುದಾದರೆ ಇಲ್ಲೇ ಹೇಳಬೇಕು, ಹನ್ನೆರಡನೆಯ ಮೆಟ್ಟಿಲಲ್ಲಿ, ಯಾರೂ ಇಲ್ಲದಾಗ. ಬೆಳಿಗ್ಗೆ ಮಗಳು ಚೈತ್ರಾ ಬಿಡದಿಯ ಫ್ಯಾಕ್ಟರಿ ಗೇಟಿನಿಂದ ಫೋನು ಮಾಡಿ ಅದನ್ನೇ ಹೇಳಿದ್ದಳು. "ಅಪ್ಪ, ಪಾರ್ಸಲ್ ನಂಬರ್ ಕಳ್ಸು ಅಂತ ಮೂರ್ ದಿನದಿಂದ ಕೇಳ್ತಾ ಇವ್ನಿ. ನಿಜ ಹೇಳು. ದುಡ್ಡು ಆನ್‌ಲೈನ್ ಸೈಟಲ್ಲೇ ಕಟ್ದಾ, ಹೊರ್ಗೆ ಕಟ್ದಾ?" ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಆ ಕಡೆಯಿಂದ ಸೈರನ್ನು, ಬಸ್ಸು ಹಿಂದಕ್ಕೆ ತೆಗೆಯುವ ಸದ್ದು ಬಂದವು. "ಅಪ್ಪಾ," ಎಂದಳು ಮಗಳು, ಚಿಕ್ಕವಳಿದ್ದಾಗ ಜಾತ್ರೆಯಲ್ಲಿ ಕೈತಪ್ಪಿ ಸಿಕ್ಕಾಗ ಅಂದಿದ್ದ ಹಾಗೆಯೇ. ಆಮೇಲೆ ದನಿ ಗಟ್ಟಿ ಮಾಡಿಕೊಂಡು, ಮೊದಲು ಸೈಬರ್ ಮೋಸದ ಸಹಾಯವಾಣಿ ಹತ್ತೊಂಬತ್ತು ಮೂವತ್ತಕ್ಕೆ ಫೋನು ಮಾಡು, ಅವರು ದೂರಿನ ನಂಬರ್ ಕೊಡ್ತಾರೆ, ಅದನ್ನು ಹಿಡಿದು ಸ್ಟೇಷನ್ನಿಗೆ ಹೋಗು, ಅಕೌಂಟು ಅವ್ವಂದು, ಅವ್ವನ್ನ ಕರ್ಕೊಂಡ್ ಹೋಗು, ಎಂದಳು. "ಅವ್ವಂಗೆ ನೀನೇ ಹೇಳ್ಬೇಕು. ನಾನ್ ಹೇಳಲ್ಲ." ಅವನು ಫೋನು ಮಾಡಿ ದೂರಿನ ನಂಬರ್ ಬರೆದುಕೊಂಡಿದ್ದ, ಹೇಳುವುದು ಮಾತ್ರ ಉಳಿದಿತ್ತು. ಆ ಮಗಳೇ ತಿಂಗಳ ಹಿಂದೆ ಪಕ್ಕದಲ್ಲಿ ಕೂತು ಮೊಬೈಲಿನ ಹರಾಜು ಕಲಿಸಿದ್ದಳು: ಮಾರುವವನ ಹಿಂದಿನ ಗಿರಾಕಿಗಳು ಏನು ಬರೆದಿದ್ದಾರೆ ನೋಡು, ದುಡ್ಡು ಸೈಟಿನೊಳಗೇ ಕಟ್ಟು, ಮಾಲು ಬಂದು ಸೇರುವ ತನಕ ಅದು ಸೈಟಿನವರ ಹತ್ತಿರವೇ ಇರುತ್ತೆ, ಹೊರಗಡೆ ಕೊಡು ಅಂದವನು ಕಳ್ಳ. ಅವನು ಅವಳದೇ ದನಿಯಲ್ಲಿ, ಬೆರಳು ಆಡಿಸುತ್ತ, "ಹೊರಗಡೆ ಕೊಡು ಅಂದವನು ಕಳ್ಳ" ಎಂದು ಒಪ್ಪಿಸಿದ್ದ. ಅವ್ವ ಮಗಳು ಇಬ್ಬರೂ ನಕ್ಕಿದ್ದರು. ದನಿ ಕಲಿತಷ್ಟು ಸಲೀಸಾಗಿ ಮಾತು ಕಲಿಯಲಿಲ್ಲ.

ಹನ್ನೆರಡು ಕಳೆಯಿತು. ಹದಿನಾರರಲ್ಲಿ ಅವಳು ಗೋಡೆಗೆ ಹಣೆ ಆನಿಸಿಕೊಂಡು ನಿಂತಳು. ಇಪ್ಪತ್ತೆರಡರಲ್ಲಿ ನಗುತ್ತಿದ್ದಳು.

ಮೇಲೆ ಉದ್ದನೆಯ ಬೆಂಚಿನಲ್ಲಿ ಹಸಿರು ಟವೆಲಿನ ಒಬ್ಬ ದಪ್ಪ ಮನುಷ್ಯ ಕೂತಿದ್ದ. ಸರಿದು ಜಾಗ ಕೊಟ್ಟು, ಕನಕಪುರದ ಕಡೆಯ ಚೆಲುವಯ್ಯ ಎಂದು ತಾನಾಗಿಯೇ ಹೇಳಿಕೊಂಡ. "ನಿಮ್ದು ಎಷ್ಟೋಯ್ತು?" ಎಂದು ಕೇಳಿದ, ಮಳೆ ಎಷ್ಟಾಯ್ತು ಎಂದು ಕೇಳುವವನ ಹಾಗೆ. ಅನಂತರಾಜು ಕೇಳಿಸಲಿಲ್ಲವೆಂಬಂತೆ ಫ್ಯಾನು ನೋಡಿದ.

"ನಮ್ದು ಹೋಗಾದಲ್ಲ, ಬರಾದು," ಎಂದಳು ಸರಸಮ್ಮ.

"ಪುಣ್ಯವಂತ್ರು ಬುಡಿ. ನಂಗೂ ತಿರ್ಗಾ ಬಂತು. ಮೇವು ಕತ್ತರ್ಸೋ ಮೆಷಿನ್ಗೆ ಕೂಗಿದ್ದೆ ಕಣಮ್ಮ ಮೊಬೈಲಲ್ಲಿ. ಡಬ್ಬ ಬಿಚ್ಚಿದ್ರೆ ಎರಡು ಇಟ್ಟಿಗೆ! ಇಟ್ಟಿಗೆ ಆದ್ರೂ ನಂಬರ್ ಒನ್ ಇಟ್ಟಿಗೆ ಕಳ್ಸವ್ನೆ ಬಡ್ಡಿಮಗ. ನಮ್ ಸೊಸೆ ಇದಾಳಲ್ಲ, ಡಬ್ಬ ಬಿಚ್ಚಕ್ಕೆ ಮುಂಚೆಯಿಂದ ಸಿನಿಮಾ ತಗ್ದಂಗೆ ತಗ್ದಿಟ್ಟಿದ್ಲು. ದುಡ್ಡು ಸೈಟಲ್ಲೇ ಇತ್ತಾ, ಸಿನಿಮಾ ಕಳ್ಸಿದ್ಲಾ, ವಾರಕ್ಕೆ ವಾಪಸ್ ಬಂತು. ಕೊಟ್ಟಿದ್ದ ಕಂಪ್ಲೇಂಟ್ ಮುಗ್ಸಿ ಹೋಗಾನ ಅಂತ ಬಂದಿವ್ನಿ. ಹೊರ್ಗೇನಾದ್ರೂ ಕೊಟ್ಟಿದ್ರೆ ಇಟ್ಟಿಗೇನೇ ಗತಿ. ಹೊರ್ಗೆ ಕೊಡೋ ಮುಠ್ಠಾಳ್ರೂ ಅವ್ರಂತೆ ಕಣಮ್ಮ."

ಸರಸಮ್ಮ 'ಅಯ್ಯೋ ಪಾಪ' ಎಂದಳು. ಅದು ಆ ಮುಠ್ಠಾಳರಿಗೆ ಅಂದದ್ದು. ಅನಂತರಾಜುವಿನ ಕಿವಿಯ ತುದಿ ಬಿಸಿಯಾಯಿತು. ಚೆಲುವಯ್ಯನ ಗಂಟಲು ಎಲ್ಲಿ ಬಿಗಿಯುತ್ತದೆ, 'ಬಡ್ಡಿಮಗ'ದ 'ಗ' ಎಷ್ಟು ಮೂಗಿಗೆ ಹೋಗುತ್ತದೆ ಎಂದು ಅವನ ಬುದ್ಧಿ ಆಗಲೂ ತನ್ನ ಪಾಡಿಗೆ ತಾನು ಅಳೆದುಕೊಳ್ಳುತ್ತಿತ್ತು. ಮನೆಗೆ ಬೆಂಕಿ ಬಿದ್ದರೂ ಈ ಬುದ್ಧಿ ಕೂಗುವವರ ದನಿ ಹಿಡಿಯುತ್ತ ಕೂರುತ್ತದೆ. ಹೋದ ಬುಧವಾರ ಸಂಜೆಯೂ ಹಾಗೆಯೇ ಕೂತಿತ್ತು. ಆನ್‌ಲೈನ್ ಹರಾಜು ಐದು ಗಂಟೆಗೆ ಮುಗಿದಾಗ ಮೆಷಿನ್ ಮುನ್ನೂರು ರೂಪಾಯಿ ಅಂತರದಲ್ಲಿ ಬೇರೆ ಯಾರಿಗೋ ಹೋಗಿತ್ತು. ಕೂಗಿಯೇ ಬದುಕಿದವನು ಮೊಬೈಲಿನಲ್ಲಿ ಬೆರಳೊತ್ತಿ ಸೋತಿದ್ದ. ಅರ್ಧ ಗಂಟೆಗೆ ಮಾರುವವನ ಫೋನು ಬಂತು. "ಸಾರ್, ಮೇಲಿನ ಪಾರ್ಟಿ ಕೈ ಎತ್ತಿದ್ರು. ಎರಡನೇ ಕೂಗು ನಿಮ್ದು. ನಿಮ್ಮ ರೇಟಿಗೇ ಕೊಡ್ತೀನಿ. ಸೈಟಲ್ಲಿ ಹರಾಜು ಮುಗ್ದೋಯ್ತಲ್ಲ, ಅದಕ್ಕೆ ನೇರ ಅಕೌಂಟಿಗೇ ಹಾಕ್ಬೇಕಾಗ್ತದೆ." ಎರಡನೇ ಕೂಗು! ಅವನ ಕಟ್ಟಳೆಯನ್ನೇ ಅವನಿಗೆ ಯಾರೋ ತಟ್ಟೆಯಲ್ಲಿಟ್ಟು ಕೊಟ್ಟಂತಾಯಿತು. ಅನುಮಾನ ಇದ್ದರೆ ಆ ಪಾರ್ಟಿಯ ಹತ್ತಿರವೇ ಮಾತಾಡಿ ಎಂದು ಲೈನಿಗೆ ಇನ್ನೊಬ್ಬನನ್ನು ತಂದ. ವಯಸ್ಸಾದವನ ದನಿ, ಕಫ ಕಟ್ಟಿದ ಗಂಟಲು. "ಹೌದಪ್ಪ, ನಂಗೆ ಬ್ಯಾಡ, ನೀವೇ ತಗಳ್ಳಿ."

ಆಗ ಕೇಳಿಸಿತು. ಮುದುಕ ಮಾತು ಶುರು ಮಾಡುವ ಮೊದಲು ನಾಲಗೆ ಅಂಗುಳಿನಿಂದ ಬಿಡಿಸಿಕೊಳ್ಳುವ ಸಣ್ಣ ಚಟಕ್ಕು. ಮಾರುವವನು ಮಾತು ಶುರು ಮಾಡುವ ಮೊದಲೂ ಅದೇ ಚಟಕ್ಕು. ಎರಡು ದನಿ, ಒಂದೇ ಬಾಯಿ. ಸಾವಿರ ಜನರಲ್ಲಿ ಒಬ್ಬನಿಗೆ ಕೇಳಿಸಬಹುದಾದದ್ದು, ಆ ಒಬ್ಬನಿಗೆ ಕೇಳಿಸಿತ್ತು. ಭೇಷ್, ಎಂದಿತ್ತು ಮನಸ್ಸು. ಕೆಂಪಾಪುರದ ಆಚೆಯ ಒಂದು ಊರಿನಲ್ಲಿ, ಹುಣಸೆ ಹರಾಜು ಮೇಲೇಳದೆ ಮಂಕಾಗಿದ್ದಾಗ, ಅವನೂ ಟವೆಲ್ ಅಡ್ಡ ಹಿಡಿದು, ಅಲ್ಲಿ ಇಲ್ಲವೇ ಇಲ್ಲದ ಮುನಿಶಾಮಯ್ಯನೆಂಬ ಗಿರಾಕಿಯ ದನಿಯಲ್ಲಿ ಗುಂಪಿನ ಹಿಂದಿನಿಂದೆಂಬಂತೆ ಎರಡು ಸಾವಿರ ಏರಿಸಿದ್ದ. ರಾಮಲಿಂಗಯ್ಯನೆಂಬ ಬಡಪಾಯಿ ಅದರ ಮೇಲೆ ಇನ್ನೊಂದು ಸಾವಿರ ಕೂಗಿ ಮರ ಹಿಡಿದು, ಆ ವರ್ಷ ಕಾಯಿ ಉದುರಿ ಕೆಟ್ಟಿದ್ದ. ಆ ಕೈಚಳಕವನ್ನು ಇನ್ನೊಬ್ಬನಲ್ಲಿ ಕಂಡಾಗ ಆದದ್ದು ಸಿಟ್ಟಲ್ಲ, ಅಂಗಡಿಯವನು ಅಂಗಡಿಯವನನ್ನು ನೋಡಿ ತಲೆ ಆಡಿಸುವಂಥ ಒಂದು ಸಲಿಗೆ. ಮರುಕ್ಷಣ ಇನ್ನೊಂದು ಯೋಚನೆ: ಈ ಚಟಕ್ಕನ್ನು ಒಪ್ಪಿಕೊಂಡರೆ ಮೆಷಿನ್ ಇಲ್ಲ. ಒಳಗೆ ಸರಸಮ್ಮ ದಿಂಬಿಗೆ ಒರಗಿ ಕೂತೇ ಮಲಗಿದ್ದಳು. ಇಬ್ಬರ ಗಂಟಲೂ ಒಂದೇ ಥರ ಇರಬಹುದು, ಅಪ್ಪ ಮಕ್ಕಳ ಹಾಗೆ, ಎಂದುಕೊಂಡ. ಹಾಗೆ ಎಂದುಕೊಳ್ಳುತ್ತಲೇ ಬೆರಳು ಒತ್ತಿತು. ಮೂವತ್ತೆಂಟು ಸಾವಿರ, ಕಾರ್ಖಾನೆ ಬಿಟ್ಟಾಗ ಅವಳಿಗೆ ಬಂದದ್ದು, ಹೋಯಿತು.

"ಸರಸಮ್ಮ ಯಾರು? ಫಿರ್ಯಾದಿ ಸರಸಮ್ಮ?"

ಅವಳು ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದಳು. ಮೇಜಿನ ಹಿಂದಿದ್ದ ಕಾನ್‌ಸ್ಟೇಬಲ್ ಹುಡುಗಿಯ ಎದೆಯ ಮೇಲೆ ಭಾನುಪ್ರಿಯ ಎಂದು ಹೆಸರಿತ್ತು. ಕುರ್ಚಿ ಎಳೆದು ಕೊಟ್ಟಳು. ಗುರುತಿಗೆಂದು ಬೆರಳಚ್ಚಿನ ಪುಟ್ಟ ಯಂತ್ರವನ್ನು ಮುಂದೆ ತಳ್ಳಿದಳು. ಸರಸಮ್ಮ ಹೆಬ್ಬೆರಳು ಇಟ್ಟಳು, ತೋರುಬೆರಳು ಇಟ್ಟಳು, ಎಡಗೈ ಇಟ್ಟಳು. ಯಂತ್ರ ಕೆಂಪು ದೀಪ ತೋರಿಸಿತು. ಕುದಿನೀರಿನಲ್ಲಿ ಎಳೆ ಹುಡುಕಿ ಹುಡುಕಿ ಅವಳ ಬೆರಳ ಗೆರೆಗಳೆಲ್ಲ ಸವೆದು ಹೋಗಿದ್ದವು. ಪಡಿತರದ ಅಂಗಡಿಯಲ್ಲೂ ಇದೇ ಗೋಳು, ಬ್ಯಾಂಕಿನಲ್ಲೂ ಇದೇ. ಅದಕ್ಕೇ ಅವಳ ಅಕೌಂಟನ್ನು ಫೋನಿನಲ್ಲಿ ಅವನೇ ನೋಡಿಕೊಳ್ಳುತ್ತಿದ್ದದ್ದು.

"ಹೋಗ್ಲಿ ಬಿಡಿ ಅಮ್ಮ, ಆಧಾರ್ ಕಾರ್ಡು ಸಾಕು. ದುಡ್ಡು ಹೋಗಿದ್ದು ಯಾವತ್ತು?"

"ಬುಧವಾರ," ಎಂದ ಅನಂತರಾಜು.

"ಇವತ್ತೂ ಬುಧವಾರ. ಒಂದು ವಾರ ಏನ್ ಮಾಡ್ತಿದ್ರಿ ಸಾರ್? ಅವತ್ತೇ ಫೋನ್ ಮಾಡಿದ್ರೆ ಆ ಅಕೌಂಟಲ್ಲೇ ತಡೀಬೋದಿತ್ತು. ಈಗ ನೋಡಿ, ಐದು ಅಕೌಂಟಿಗೆ ಹಂಚಿ ಹೋಗಿದೆ. ಒಂದರಲ್ಲಿ ನಾಲ್ಕು ಸಾವಿರ ನಿಂತಿದೆ, ಅಷ್ಟೇ. ಅದಕ್ಕೂ ಕೋರ್ಟಿಂದ ಆರ್ಡರ್ ಆಗ್ಬೇಕು."

ಒಂದು ವಾರ ಏನು ಮಾಡುತ್ತಿದ್ದೆ? ಗುರುವಾರ ಇಡೀ ದಿನ ಆ ನಂಬರಿಗೆ ಫೋನು ಮಾಡಿದ. ಸ್ವಿಚ್ ಆಫ್. ಸಂಜೆ ಸರಸಮ್ಮ ಒಳಗಿನಿಂದ, ಫೋನ್ ಮಾಡಿದ್ನಾ ಅವ್ನು, ಎಂದು ಕೇಳಿದಳು. ಅವನು ಜಗಲಿಯಲ್ಲಿದ್ದ. ಮಾಡಿದ್ದಾನೆ, ತಡಿ, ಸ್ಪೀಕರಿಗೆ ಹಾಕ್ತೀನಿ, ಎಂದ. ಅದು ಹೇಗೆ ಬಾಯಿಂದ ಬಂತೋ. ಗೋಡೆಯ ಕಡೆ ತಿರುಗಿ, ಸತ್ತ ಫೋನನ್ನು ತುಟಿಯ ಹತ್ತಿರ ಹಿಡಿದು, ಮಾರುವವನ ದನಿಯಲ್ಲಿ, ಚಟಕ್ಕಿನ ಸಮೇತ ಹೇಳಿದ: "ಮೇಡಂ, ಪ್ಯಾಕ್ ಆಗಿದೆ, ನಾಳೆ ಲಾರಿಗೆ ಹಾಕ್ತೀವಿ." ಒಳಗಿನಿಂದ ಒಂದು ನಿಟ್ಟುಸಿರು ಬಂತು, ಎಷ್ಟೋ ತಿಂಗಳಿಂದ ಕೇಳಿರದಂಥ ಪೂರಾ ಉಸಿರು. ಆ ಒಂದು ಉಸಿರಿಗಾಗಿ ಅವನು ಶುಕ್ರವಾರವೂ ಮಾಡಿದ, ಶನಿವಾರವೂ ಮಾಡಿದ. ಲಾರಿ ಹೊರಟಿತು, ಹುಬ್ಬಳ್ಳಿಯಲ್ಲಿ ಟೈರು ಒಡೆಯಿತು, ಡ್ರೈವರನ ಮಾವ ತೀರಿಕೊಂಡ. ಭಾನುವಾರ ಅವಳೇ ಒಳಗಿನಿಂದ ಕೂಗಿ ಹೇಳಿದಳು: "ಬ್ಯಾಗ ಕಳ್ಸಪ್ಪ, ನಿನ್ ಮಕ್ಳು ಚೆನ್ನಾಗಿರ್ಲಿ." "ಆಯ್ತಮ್ಮ, ನಮ್ಮ ತಾಯಿ ಇದ್ದಂಗೆ ನೀವು," ಎಂದ ಮಾರುವವನು. ಹೇಳಿದ ಮೇಲೆ ಅನಂತರಾಜುವಿನ ಬಾಯಿ ಒಣಗಿ, ನಾಲಗೆ ಅಂಗುಳಿಗೆ ಅಂಟಿಕೊಂಡಿತ್ತು. ಸೋಮವಾರ ಆಸ್ಪತ್ರೆಯ ನರ್ಸು ರಮ್ಯಾ ಫೋನು ಮಾಡಿ, ಎರವಲು ಮೆಷಿನ್ ಸರದಿ ನಿಮ್ಮದು ಬಂದಿದೆ, ಒಯ್ಯಿರಿ ಎಂದಾಗ, ಫೋನು ಹಿಡಿದಿದ್ದ ಸರಸಮ್ಮ ಅವನ ಕಡೆ ನೋಡಲೂ ಇಲ್ಲ. "ನಮ್ದು ಸ್ವಂತದ್ದೇ ಬತ್ತಾ ಐತೆ ಕಣವ್ವ. ನಮ್ ಕಾರ್ಖಾನೆ ಮುನಿರತ್ನಮ್ಮಂಗೆ ಕೊಡು, ಪಾಪ, ನನಗಿಂತ ಮೋಸವಾಗವ್ಳೆ, ಉಸ್ರೇ ಆಡಲ್ಲ ಅವ್ಳಿಗೆ." ನರ್ಸು, ಗುರುವಾರ ಇನ್ನೊಂದು ಬರುತ್ತೆ, ನಿಮ್ಮದು ಅಷ್ಟರಲ್ಲಿ ಬರಲಿಲ್ಲ ಅಂದ್ರೆ ಹೇಳಿ, ಆಮೇಲೆ ಮೂರು ತಿಂಗಳು ಏನೂ ಇಲ್ಲ, ಎಂದಿದ್ದಳು. ಗುರುವಾರ ಅಂದರೆ ನಾಳೆ.

"ಏನವ್ವ ಅದು, ಹೋಗೈತೆ ಹೋಗೈತೆ ಅಂತೀಯ?" ಸರಸಮ್ಮ ಮೇಜಿನ ಅಂಚು ಹಿಡಿದುಕೊಂಡಳು. "ಏನೋಯ್ತು?"

"ನಿಮ್ ದುಡ್ಡಮ್ಮ. ಮೋಸ ಆಗಿದೆಯಲ್ಲ, ಆಕ್ಸಿಜನ್ ಮೆಷಿನ್ ಕೊಡ್ತೀನಂತ."

"ಮೋಸ ಯಾಕವ್ವ? ಇನ್ಯಾರ್ದೋ ನೋಡ್ತಾ ಇದೀಯ ನೀನು. ನಮ್ಮವ್ನು ನೆನ್ನೆ ಸಂಜೆ ಮಾತಾಡವ್ನೆ. ಲಾರಿ ತುಮಕೂರು ದಾಟೈತೆ ಅಂದ."

ಭಾನುಪ್ರಿಯ ನೆಟ್ಟಗಾದಳು. "ನಿನ್ನೇನಾ?" ಪಕ್ಕದ ಮೇಜಿನ ಕಡೆ ತಿರುಗಿ, "ನರೇಂದ್ರ ಸಾರ್, ಪಾರ್ಟಿ ಇನ್ನೂ ಲೈನಲ್ಲಿದಾನಂತೆ, ನಿನ್ನೆ ಮಾತಾಡಿದಾನೆ!" ಎಂದಳು. ನರೇಂದ್ರ ಎಂಬುವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಬಂದ. ಬೆಂಚಿನಿಂದ ಚೆಲುವಯ್ಯನೂ ಕತ್ತು ಚಾಚಿದ. ಒಂದು ಗಳಿಗೆ ಆ ಕೋಣೆಯಲ್ಲಿ ಎಲ್ಲರ ಮುಖದಲ್ಲೂ ಒಂದು ಬೆಳಕು, ಕಳ್ಳ ಇನ್ನೂ ಗುಡ್ಡ ದಾಟಿಲ್ಲ ಎಂಬ ಬೆಳಕು. ಫೋನ್ ಕೊಡಿ ಸಾರ್, ಎಂದರು. ಕೊಟ್ಟ. ನರೇಂದ್ರ ಮೇಲಕ್ಕೂ ಕೆಳಕ್ಕೂ ಸರಿಸಿ ನೋಡಿದ. ಮಾರುವವನ ನಂಬರಿನಿಂದ ಹೋದ ಬುಧವಾರದ ಒಂದು ಕರೆ. ಗುರುವಾರ ಇವನು ಮಾಡಿದ ನಲವತ್ತೊಂದು. ಆಮೇಲೆ ಏನೂ ಇಲ್ಲ.

"ಯಾವ ನಂಬರಿಂದ ಬಂತು ನಿನ್ನೆ? ವಾಟ್ಸಾಪಾ? ಡಿಲೀಟ್ ಮಾಡಿದ್ರಾ?"

ಡಿಲೀಟ್ ಆಗೋಯ್ತು ಸಾರ್, ಎಂಬ ಮಾತು ಸಿದ್ಧವಾಗಿತ್ತು. ಹಳ್ಳಿ ಗುಗ್ಗುವಿನ ದನಿಯಲ್ಲಿ, ತಲೆ ಕೆರೆಯುತ್ತ ಹೇಳಿದರೆ ಇವರು ಬೈದು ಬಿಟ್ಟುಬಿಡುತ್ತಾರೆ. ಲಾರಿ ತುಮಕೂರು ದಾಟಿಯೇ ಇರುತ್ತದೆ. ನಾಳೆ ರಮ್ಯಾ ಫೋನು ಮಾಡುತ್ತಾಳೆ, ಸರಸಮ್ಮ ಇನ್ಯಾರಿಗೋ ಕೊಡು ಪಾಪ ಎನ್ನುತ್ತಾಳೆ. ಆಮೇಲೆ ಮೂರು ತಿಂಗಳು. ನಾಲ್ಕು ಮೆಟ್ಟಿಲಿಗೊಮ್ಮೆ ನಿಲ್ಲುವವಳಿಗೆ ಮೂರು ತಿಂಗಳು ಎಂದರೆ ಎಷ್ಟು ಮೆಟ್ಟಿಲು?

"ನಾನೂ ಮಾತಾಡಿವ್ನಿ ಸಾ," ಎಂದಳು ಸರಸಮ್ಮ ನರೇಂದ್ರನಿಗೆ, ಮಾರುವವನ ಪರವಾಗಿ ಸಾಕ್ಷಿ ಹೇಳುವವಳಂತೆ. "ಒಳ್ಳೆ ಹುಡ್ಗ. ತಾಯಿ ಇದ್ದಂಗೆ ನೀವು ಅಂದ. ಅಂಥವ್ನು ಮೋಸ ಮಾಡ್ತಾನಾ? ಹೇಳ್ರೀ ನೀವು. ಸುಮ್ಕೆ ಯಾಕ್ ನಿಂತಿದ್ದೀರಿ?"

"ದನಿ ಹೇಗಿತ್ತು ಸಾರ್?" ಭಾನುಪ್ರಿಯ ಪೆನ್ನು ಹಿಡಿದಳು. "ಯಾವ ಕಡೆಯವನ ಥರ? ವಯಸ್ಸು?"

ಅವನು ಅವಳ ಕಡೆ ನೋಡಲಿಲ್ಲ. ನೇರಳೆ ಸೀರೆಯ ಕಡೆ ತಿರುಗಿದ. 'ನಾನು ಕಣೆ' ಎಂದಷ್ಟೇ ಹೇಳಬೇಕಾಗಿತ್ತು. ಬಾಯಿ ತೆರೆದ, ಆ ಎರಡು ಮಾತಿಗೆ ಯಾವ ದನಿಯೂ ಒದಗಲಿಲ್ಲ. ಮೂವತ್ತು ವರ್ಷ ಮಾಗಡಿಯಿಂದ ಕನಕಪುರದ ತನಕ ಎಲ್ಲರ ಗಂಟಲೂ ಹೊಕ್ಕು ಬಂದವನು ಹುಡುಕಿದ, ತಡಕಿದ, ಬೆವರಿದ. ಕೊನೆಗೆ ನಾಲಗೆ ತಾನಾಗಿಯೇ ಅಂಗುಳಿನಿಂದ ಬಿಡಿಸಿಕೊಂಡಿತು, ಚಟಕ್ಕೆಂದು.

"ಮೇಡಂ, ಲಾರಿ ತುಮಕೂರು ದಾಟಿದೆ. ನಾಳೆ ಮನೆ ಬಾಗಿಲಿಗೆ ಬರ್ತದೆ. ನಮ್ಮ ತಾಯಿ ಇದ್ದಂಗೆ ನೀವು."

ಫ್ಯಾನು ತಿರುಗುತ್ತಿತ್ತು. ಬೆಂಚಿನ ಮೇಲೆ ಚೆಲುವಯ್ಯ ನಗಲು ಶುರು ಮಾಡಿ, ಬೇರೆ ಯಾರೂ ನಗದಿದ್ದುದನ್ನು ಕಂಡು ನಿಲ್ಲಿಸಿದ. ಭಾನುಪ್ರಿಯಳ ಪೆನ್ನು ಹಾಳೆಗೆ ತಾಕಿದ್ದಲ್ಲೇ ನಿಂತಿತ್ತು. ಸರಸಮ್ಮ ಅವನ ಬಾಯಿಯನ್ನೇ ನೋಡುತ್ತಿದ್ದಳು. ಏನೋ ಕೇಳಲು ಉಸಿರು ಎಳೆದುಕೊಂಡಳು, ಅದು ಸಾಲಲಿಲ್ಲ, ಇನ್ನೊಮ್ಮೆ ಎಳೆದುಕೊಂಡಳು. ಮೇಜಿನ ಮೇಲಿನ ಸವೆದ ಬೆರಳುಗಳಲ್ಲಿ ಒಂದು ಮೇಲೆದ್ದು ಅವನ ಕಡೆ ತಿರುಗಿತು.

"ಇದೇ ದನಿ," ಎಂದಳು ಭಾನುಪ್ರಿಯಳಿಗೆ. ಉಸಿರು. "ಇವ್ನೇ ಕಣವ್ವ." ಉಸಿರು. "ಬರ್ಕೋ."